ಬೆಣ್ಣೆ ಬಿಟ್ಟ ಪ್ರಾಂತ್ಯ: ಉತ್ತರ ಕರೇಲಿಯಾದ ಕೊಲೆಸ್ಟ್ರಾಲ್ ಇಳಿದ ಬಗೆ

1971ರ ಜನವರಿಯಲ್ಲಿ ಫಿನ್‌ಲೆಂಡ್ ಸರ್ಕಾರಕ್ಕೆ ಒಂದು ಮನವಿಪತ್ರ ಹೋಯಿತು. ಕಳಿಸಿದವರು ಉತ್ತರ ಕರೇಲಿಯಾ ಅನ್ನುವ ಪ್ರಾಂತ್ಯದವರು. ಸಹಿ ಹಾಕಿದವರಲ್ಲಿ ಗವರ್ನರ್ ಇದ್ದರು, ಸಂಸತ್ ಸದಸ್ಯರಿದ್ದರು, ಸಂಘ ಸಂಸ್ಥೆಗಳ ಮುಖಂಡರಿದ್ದರು. ಅವರು ಕೇಳಿದ್ದು ರಸ್ತೆ, ಸೇತುವೆ, ಕಾರ್ಖಾನೆ ಯಾವುದೂ ಅಲ್ಲ. ನಮ್ಮ ಗಂಡಸರು ದುಡಿಯುವ ವಯಸ್ಸಿನಲ್ಲೇ ಹೃದಯಾಘಾತದಿಂದ ಸಾಯುತ್ತಿದ್ದಾರೆ, ಇದಕ್ಕೊಂದು ದಾರಿ ಹುಡುಕಿ ಅಂತ ಕೇಳಿದ್ದರು.

ಮರುವರ್ಷ ಅಲ್ಲಿ ಒಂದು ಯೋಜನೆ ಶುರುವಾಯಿತು. ಮುಂದೆ ಇಡೀ ಪ್ರಾಂತ್ಯದ ಸರಾಸರಿ ಕೊಲೆಸ್ಟ್ರಾಲ್ ಸುಮಾರು ಐದನೇ ಒಂದು ಪಾಲು ಇಳಿಯಿತು. ಅದರಲ್ಲಿ ಬಹುಪಾಲು ಇಳಿದದ್ದು ಊಟದಿಂದ. ‘ಬೆಳಗ್ಗೆ ಎದ್ದು ಎರಡು ಎಸಳು ಬೆಳ್ಳುಳ್ಳಿ ನುಂಗಿ, ಕೊಲೆಸ್ಟ್ರಾಲ್ ಮಾಯ’ ಅನ್ನುವ ಸಂದೇಶಗಳು ನಮ್ಮ ಮೊಬೈಲಿಗೆ ದಿನಾ ಬರುತ್ತವೆ, ಅಲ್ವಾ? ಅದನ್ನೆಲ್ಲ ಓದಿ ಬೇಸತ್ತವರಿಗೆ ಈ ಪ್ರಕರಣವನ್ನು ಪೂರ್ತಿ ಹೇಳಬೇಕು ಅನಿಸಿತು. ಇಲ್ಲಿ ಯಾವ ಮ್ಯಾಜಿಕ್ ಪದಾರ್ಥವೂ ಇಲ್ಲ. ದಿನಾ ತಿನ್ನುವ ನಾಲ್ಕೈದು ಪದಾರ್ಥಗಳ ಜಾಗಕ್ಕೆ ಬೇರೆ ನಾಲ್ಕೈದು ಬಂದವು, ಅಷ್ಟೇ. ಆದರೆ ಆ ‘ಅಷ್ಟೇ’ ಆಗುವುದಕ್ಕೆ ಹೈನುಗಾರರು, ಗೃಹಿಣಿಯರು, ಅಂಗಡಿಯವರು, ಶಾಲೆಯ ಅಡುಗೆಯವರು ಎಲ್ಲರೂ ಕೈಹಾಕಬೇಕಾಯಿತು.

ಊರು ಮತ್ತು ಊಟ

ಉತ್ತರ ಕರೇಲಿಯಾ ಇರುವುದು ಫಿನ್‌ಲೆಂಡಿನ ಪೂರ್ವ ತುದಿಯಲ್ಲಿ, ರಷ್ಯಾದ ಗಡಿಗೆ ಅಂಟಿಕೊಂಡು. ಯೊಯೆನ್ಸು ಅದರ ಮುಖ್ಯ ಪಟ್ಟಣ. ಎಲ್ಲಿ ನೋಡಿದರೂ ಕಾಡು, ಕೆರೆ. ಆಗಿನ ಜನಸಂಖ್ಯೆ ಸುಮಾರು 1 ಲಕ್ಷ 80 ಸಾವಿರ. ಮರ ಕಡಿಯುವುದು, ಸಣ್ಣ ಹಿಡುವಳಿ, ನಾಲ್ಕಾರು ಹಸು, ಇದು ಬದುಕು. ಗಂಡಸರು ಗಟ್ಟಿಮುಟ್ಟಾಗಿದ್ದರು. ಹಿಮದಲ್ಲಿ ದಿನವಿಡೀ ಕೊಡಲಿ ಬೀಸುವವರು. ಕುರ್ಚಿ ಬಿಟ್ಟು ಏಳದ ನಗರದವರಿಗಷ್ಟೇ ಹೃದಯದ ಕಾಯಿಲೆ ಬರುತ್ತದೆ ಅಂದುಕೊಂಡಿದ್ದವರಿಗೆ ಇದೇ ದೊಡ್ಡ ಒಗಟು.

ಒಗಟಿನ ಒಂದು ತುದಿ ಸಿಕ್ಕಿದ್ದು ಅಮೆರಿಕದ ಆನ್ಸೆಲ್ ಕೀಸ್ 1958ರಲ್ಲಿ ಶುರುಮಾಡಿದ ಏಳು ದೇಶಗಳ ಅಧ್ಯಯನದಲ್ಲಿ. ಫಿನ್‌ಲೆಂಡಿನ ಕಡೆಯಿಂದ ಅದನ್ನು ನೋಡಿಕೊಂಡವರು ಮಾರ್ಟಿ ಕಾರ್ವೊನೆನ್. ಏಳೂ ದೇಶಗಳ ಗಂಡಸರ ಪೈಕಿ ಹೃದಯಾಘಾತದ ಸಾವು ಅತಿ ಹೆಚ್ಚು ಕಂಡದ್ದು ಪೂರ್ವ ಫಿನ್‌ಲೆಂಡಿನಲ್ಲಿ. ಅತಿ ಕಡಿಮೆ ಇದ್ದ ಜಾಗಗಳಲ್ಲಿ ಗ್ರೀಸಿನ ಕ್ರೀಟ್ ದ್ವೀಪ ಒಂದು. ಕ್ರೀಟಿನವರೂ ಕೊಬ್ಬು ಚೆನ್ನಾಗಿಯೇ ತಿನ್ನುತ್ತಿದ್ದರು, ಆದರೆ ಆಲಿವ್ ಎಣ್ಣೆಯ ರೂಪದಲ್ಲಿ. ಕೊಬ್ಬು ಎಷ್ಟು ಅನ್ನುವುದಕ್ಕಿಂತ ಯಾವ ಕೊಬ್ಬು ಅನ್ನುವುದೇ ಮುಖ್ಯ ಅಂತ ಅಲ್ಲಿಂದಲೇ ಅನುಮಾನ ಗಟ್ಟಿಯಾಯಿತು.

1972ರಲ್ಲಿ ಯೋಜನೆಯ ತಂಡ ಮನೆಮನೆಯ ಊಟದ ಲೆಕ್ಕ ತೆಗೆಯಿತು. ಹತ್ತರಲ್ಲಿ ಒಂಬತ್ತು ಜನ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದರು, ಅದೂ ದಪ್ಪಗೆ. ಕುಡಿಯುವುದು ಕೆನೆ ತೆಗೆಯದ ಹಾಲು, ಊಟದ ಜೊತೆಗೂ ಅದೇ. ಮಾಂಸ ಕರಿಯುವುದು ಬೆಣ್ಣೆಯಲ್ಲಿ. ಗಂಜಿ ಬೇಯಿಸುವುದು ಹಾಲಿನಲ್ಲಿ. ಕಾಫಿಗೆ ಕೆನೆ. ಅಡುಗೆ ಎಣ್ಣೆ ಬಹುತೇಕ ಮನೆಗಳಲ್ಲಿ ಇರಲೇ ಇಲ್ಲ. ಹಸಿರು ತರಕಾರಿ ತಿನ್ನಿ ಅಂದರೆ ‘ಸೊಪ್ಪು ದನಕ್ಕೆ’ ಅನ್ನುವ ಉತ್ತರ. ಗಂಡಸರ ಸರಾಸರಿ ಕೊಲೆಸ್ಟ್ರಾಲ್ 100 ಮಿ.ಲೀ. ರಕ್ತಕ್ಕೆ 267 ಮಿಲಿಗ್ರಾಂ ಆಸುಪಾಸು. ಸರಾಸರಿಯೇ ಇಷ್ಟು ಅನ್ನುವುದನ್ನು ಗಮನಿಸಿ. ಇವತ್ತು ನಮ್ಮ ಲ್ಯಾಬ್ ವರದಿಯಲ್ಲಿ 200 ದಾಟಿದರೆ ಕೆಂಪು ಅಕ್ಷರ ಬೀಳುತ್ತದೆ. ಜೊತೆಗೆ ಅರ್ಧಕ್ಕಿಂತ ಹೆಚ್ಚು ಗಂಡಸರು ಸಿಗರೇಟ್ ಸೇದುತ್ತಿದ್ದರು. ರಕ್ತದೊತ್ತಡವೂ ಜಾಸ್ತಿ.

ಅವರ ಊಟದಲ್ಲಿ ಒಳ್ಳೆಯದು ಇರಲಿಲ್ಲ ಅಂತಲ್ಲ. ಕಪ್ಪು ರೈ ಬ್ರೆಡ್ ಇತ್ತು, ಅದರಲ್ಲಿ ನಾರಿನಂಶ ಚೆನ್ನಾಗಿದೆ. ಕೆರೆಯ ಮೀನು, ಕಾಡಿನ ಬೆರ್ರಿ ಹಣ್ಣು, ಅಣಬೆ ಎಲ್ಲವೂ ಇದ್ದವು. ಹಳೇ ಕಾಲದಲ್ಲಿ ಬೆಣ್ಣೆ ಮಾರಾಟದ ಸರಕು, ಮನೆಮಂದಿಗೆ ಸಿಗುತ್ತಿದ್ದದ್ದು ಸ್ವಲ್ಪ. ಎರಡನೇ ಮಹಾಯುದ್ಧದಲ್ಲಿ ಫಿನ್‌ಲೆಂಡ್ ಕರೇಲಿಯಾದ ಒಂದು ದೊಡ್ಡ ಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತು. ಅಲ್ಲಿಂದ ಎದ್ದು ಬಂದವರಿಗೂ ಯುದ್ಧದಿಂದ ಮರಳಿದ ಸೈನಿಕರಿಗೂ ಸರ್ಕಾರ ಕಾಡಿನ ಅಂಚಿನಲ್ಲಿ ಜಮೀನು ಕೊಟ್ಟಿತು. ಅಲ್ಲಿನ ಚಳಿಗೆ ಹುಲ್ಲು ಚೆನ್ನಾಗಿ ಬೆಳೆಯುತ್ತದೆ, ತರಕಾರಿ ಅಷ್ಟಕ್ಕಷ್ಟೆ. ಹಾಗಾಗಿ ಎಲ್ಲರೂ ಹಸು ಕಟ್ಟಿದರು. ಯುದ್ಧಕಾಲದ ಹಸಿವು ಕಂಡಿದ್ದವರಿಗೆ ಬೆಣ್ಣೆ ಅಂದರೆ ನೆಮ್ಮದಿಯ ಗುರುತು. ಕಷ್ಟದ ದಿನ ಮುಗಿದವು, ಬೆಣ್ಣೆ ಬಂತು, ಅದರ ಹಿಂದೆ ಹೃದಯಾಘಾತವೂ ಬಂತು.

ಬೆಣ್ಣೆ ರಕ್ತದಲ್ಲಿ ಮಾಡುವ ಕೆಲಸ

ಇದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ರಕ್ತದಲ್ಲಿ ಓಡಾಡುವ ಕೆಟ್ಟ ಕೊಲೆಸ್ಟ್ರಾಲನ್ನು, ಅಂದರೆ ಎಲ್‌ಡಿಎಲ್ ಕಣಗಳನ್ನು, ಹಿಡಿದು ಒಳಗೆಳೆದುಕೊಳ್ಳುವುದು ಮುಖ್ಯವಾಗಿ ಲಿವರ್. ಲಿವರಿನ ಮೈಮೇಲೆ ಅದಕ್ಕೆಂದೇ ಬಾಗಿಲುಗಳಂಥ ಗ್ರಾಹಕಗಳಿವೆ. ಅವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಬೆಣ್ಣೆ, ತುಪ್ಪ, ಕೆನೆ, ಮಾಂಸದ ಕೊಬ್ಬು, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ ಇವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಆ ಗ್ರಾಹಕಗಳ ಕೆಲಸ ಕುಗ್ಗುತ್ತದೆ. ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಅದೇ ಜಾಗದಲ್ಲಿ ಸಾಸಿವೆ ಜಾತಿಯ ಎಣ್ಣೆ, ಸೂರ್ಯಕಾಂತಿ, ಸೋಯಾ, ಕುಸುಬೆ, ಶೇಂಗಾ ಎಣ್ಣೆ ಬಂದರೆ ಗ್ರಾಹಕಗಳು ಮತ್ತೆ ಚುರುಕಾಗುತ್ತವೆ.

ನಾರಿನಂಶ ಕೆಲಸ ಮಾಡುವುದು ಕರುಳಿನಲ್ಲಿ. ಲಿವರ್ ಕೊಲೆಸ್ಟ್ರಾಲ್ ಬಳಸಿ ಪಿತ್ತರಸ ಮಾಡುತ್ತದೆ. ಊಟ ಜೀರ್ಣವಾದ ಮೇಲೆ ಅದರ ಬಹುಪಾಲು ಕರುಳಿನಿಂದ ವಾಪಸ್ ಹೀರಿಕೆಯಾಗುತ್ತದೆ. ಓಟ್ಸ್, ಬಾರ್ಲಿ, ಕಾಳುಗಳಲ್ಲಿರುವ ಅಂಟುಅಂಟಾದ ನಾರು ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ.

ಕೊಬ್ಬು ಬದಲಿಸಿದರೆ ಕೊಲೆಸ್ಟ್ರಾಲ್ ಇಳಿಯುತ್ತದೆ ಅನ್ನುವುದನ್ನು ಫಿನ್‌ಲೆಂಡಿನವರು ಮೊದಲೇ ಒಮ್ಮೆ ಕಂಡಿದ್ದರು. 1959ರಿಂದ 1971ರವರೆಗೆ ಹೆಲ್ಸಿಂಕಿ ಹತ್ತಿರದ ಎರಡು ಮಾನಸಿಕ ಆಸ್ಪತ್ರೆಗಳಲ್ಲಿ ಒಸ್ಮೊ ಟುರ್ಪೈನೆನ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಒಂದು ಆಸ್ಪತ್ರೆಯಲ್ಲಿ ಹಾಲಿನ ಕೊಬ್ಬು ತೆಗೆದು ಅದರ ಬದಲು ಸೋಯಾ ಎಣ್ಣೆ ಬೆರೆಸಿದ ಹಾಲು ಕೊಟ್ಟರು. ಬೆಣ್ಣೆಯ ಬದಲು ಮೃದುವಾದ ಮಾರ್ಗರೀನ್, ಅಂದರೆ ಎಣ್ಣೆಯಿಂದ ಮಾಡಿದ ಬೆಣ್ಣೆಯಂಥ ಪದಾರ್ಥ. ಇನ್ನೊಂದರಲ್ಲಿ ಎಂದಿನ ಊಟ. ಆರು ವರ್ಷದ ಮೇಲೆ ಅದಲು ಬದಲು. ಎಣ್ಣೆ ಹಾಲು ಕುಡಿದ ಕಡೆ ಕೊಲೆಸ್ಟ್ರಾಲ್ ಸ್ಪಷ್ಟವಾಗಿ ಇಳಿಯಿತು. ಪ್ರಯೋಗದಲ್ಲಿ ಲೋಪಗಳಿದ್ದವು. ರೋಗಿಗಳು ಬರುತ್ತಾ ಹೋಗುತ್ತಾ ಇದ್ದರು, ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ. ಆ ರೋಗಿಗಳ ಒಪ್ಪಿಗೆಯನ್ನು ಯಾರು, ಎಷ್ಟು ಕೇಳಿದರು ಅನ್ನುವ ಪ್ರಶ್ನೆಯೂ ಇವತ್ತು ಓದುವಾಗ ಏಳುತ್ತದೆ. ಆದರೂ ಒಂದು ಸುಳಿವು ಸಿಕ್ಕಿತ್ತು. ಆಸ್ಪತ್ರೆಯಲ್ಲಿ ತಟ್ಟೆ ತುಂಬುವುದು ಅಡುಗೆಮನೆಯ ಯಜಮಾನ. ಹಳ್ಳಿಯಲ್ಲಿ ಯಾರು?

ಯಾರನ್ನು ಹಿಡಿದರು

ಯೋಜನೆಯ ಹೊಣೆ ಬಿದ್ದದ್ದು ಪೆಕ್ಕಾ ಪುಸ್ಕಾ ಅನ್ನುವ ವೈದ್ಯರ ಮೇಲೆ. ಆಗ ಅವರಿಗೆ 27 ವರ್ಷ. ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲ ಇತ್ತು. ಪಕ್ಕದ ಕುವೊಪಿಯೊ ಪ್ರಾಂತ್ಯವನ್ನು ಹೋಲಿಕೆಗೆ ಇಟ್ಟುಕೊಂಡರು.

ಜಾಸ್ತಿ ಅಪಾಯ ಇರುವವರನ್ನು ಹುಡುಕಿ, ಒಬ್ಬೊಬ್ಬರನ್ನೇ ಕೂರಿಸಿ ಉಪದೇಶ ಮಾಡುವುದು ಸಾಮಾನ್ಯ ದಾರಿ. ಪುಸ್ಕಾ ತಂಡ ಅದನ್ನೇ ನೆಚ್ಚಲಿಲ್ಲ. ಇಡೀ ಊರಿಗೇ ಕೊಲೆಸ್ಟ್ರಾಲ್ ಜಾಸ್ತಿ ಇರುವಾಗ ಯಾರನ್ನು ಅಂತ ಹುಡುಕುವುದು? ಪಕ್ಕದ ಮನೆಯವರೂ ಅಂಗಡಿಯವರೂ ಬೆಣ್ಣೆಯಲ್ಲೇ ಮುಳುಗಿರುವಾಗ ಒಬ್ಬನೇ ಎಷ್ಟು ದಿನ ಬೇರೆ ಊಟ ಮಾಡಿಯಾನು? ಹಾಗಾಗಿ ಊರಿನ ಊಟವನ್ನೇ ಬದಲಿಸಲು ಹೊರಟರು.

ಮೊದಲು ಹಿಡಿದದ್ದು ಮಾರ್ತಾ ಸಂಘದ ಹೆಂಗಸರನ್ನು. 1899ರಲ್ಲಿ ಲೂಸಿನಾ ಹಾಗ್ಮನ್ ಕಟ್ಟಿದ ಗೃಹಿಣಿಯರ ಸಂಘ ಇದು. ಹಳ್ಳಿಹಳ್ಳಿಯಲ್ಲಿ ಶಾಖೆ ಇತ್ತು. ತರಕಾರಿ ಬೆಳೆಯುವುದು, ಹಣ್ಣು ಕೆಡದಂತೆ ಇಡುವುದು, ಅಡುಗೆ, ಮನೆವಾರ್ತೆ ಇವೆಲ್ಲ ಅವರು ಮೊದಲಿಂದಲೂ ಕಲಿಸುತ್ತಿದ್ದರು. ಈ ಸಂಘದ ಜೊತೆ ಸೇರಿ ‘ದೀರ್ಘಾಯುಷ್ಯದ ಸಂಜೆ’ಗಳನ್ನು ಏರ್ಪಡಿಸಿದರು. ಹಳ್ಳಿಯವರು ಸೇರುವುದು, ಒಟ್ಟಿಗೆ ಅಡುಗೆ ಮಾಡುವುದು, ಊಟ ಮಾಡುವುದು, ನಡುವೆ ಒಂದಿಷ್ಟು ಮಾತು. ಉಪನ್ಯಾಸ ಕೇಳಿ ಸುಮ್ನೆ ಮನೆಗೆ ಹೋಗುವ ಕಾರ್ಯಕ್ರಮ ಅಲ್ಲ.

ಇಲ್ಲಿ ಅವರು ಮಾಡಿದ ಒಂದು ಜಾಣ ಕೆಲಸ ನನಗೆ ಬಹಳ ಹಿಡಿಸಿತು. ಹೊಸ ಅಡುಗೆ ತಂದು ಹೇರಲಿಲ್ಲ. ಅಲ್ಲಿ ಕರೇಲಿಯಾ ಪಾತ್ರೆಮಾಂಸ ಅನ್ನುವ ಒಂದು ಹಳೇ ಅಡುಗೆ ಇದೆ. ದನ, ಹಂದಿ, ಕೆಲವೊಮ್ಮೆ ಕುರಿ ಮಾಂಸವನ್ನು ಮಡಕೆಗೆ ಹಾಕಿ ಒಲೆಯ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಹಬ್ಬಕ್ಕೂ ಅದೇ, ಭಾನುವಾರಕ್ಕೂ ಅದೇ. ಆ ಮಡಕೆಯಿಂದ ಕೊಬ್ಬಿನ ಮಾಂಸವನ್ನು ಸ್ವಲ್ಪ ತೆಗೆದರು, ಕ್ಯಾರೆಟ್, ಟರ್ನಿಪ್ ಥರದ ಗಡ್ಡೆಗಳನ್ನು ಜಾಸ್ತಿ ಹಾಕಿದರು, ಉಪ್ಪು ಕಡಿಮೆ ಮಾಡಿದರು. ಹೆಸರು ಅದೇ, ಮಡಕೆ ಅದೇ, ರುಚಿಯೂ ಹೆಚ್ಚುಕಡಿಮೆ ಅದೇ. ಬಸ್ಸಾರಿಗೆ ಸೊಪ್ಪು ಇನ್ನೊಂದು ಕಟ್ಟು ಹಾಕಿ, ಒಗ್ಗರಣೆಯ ಎಣ್ಣೆ ಕಡಿಮೆ ಮಾಡಿ ಅಂದರೆ ನಮ್ಮಲ್ಲೂ ಯಾರೂ ಜಗಳಕ್ಕೆ ಬರುವುದಿಲ್ಲ. ಬಸ್ಸಾರು ಬಿಟ್ಟು ಕ್ವಿನೋವಾ ಸಲಾಡ್ ತಿನ್ನಿ ಅಂದರೆ ಕಥೆ ಬೇರೆ.

ಆಮೇಲೆ ಅಂಗಡಿ ಮತ್ತು ಕಾರ್ಖಾನೆ. ಬೇಕರಿಯವರು ಬ್ರೆಡ್ಡಿನ ಉಪ್ಪು ಇಳಿಸಿದರು. ಸಾಸೇಜ್ ಮಾಡುವವರು ಕೊಬ್ಬಿನ ಒಂದು ಪಾಲು ತೆಗೆದು ಅಣಬೆ ಬೆರೆಸಿ ನೋಡಿದರು. ಶಾಲೆಗಳಲ್ಲಿ ಕೊಬ್ಬು ಕಡಿಮೆ ಇರುವ ಹಾಲು ಬಂತು. ಫಿನ್‌ಲೆಂಡಿನಲ್ಲಿ 1948ರಿಂದಲೇ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಬಿಸಿಯೂಟ ಇದೆ. ಹಾಗಾಗಿ ಶಾಲೆಯ ಅಡುಗೆಮನೆ ಬದಲಾದರೆ ಒಂದು ಇಡೀ ತಲೆಮಾರಿನ ನಾಲಿಗೆ ಬದಲಾಗುತ್ತದೆ. ಹಳ್ಳಿಗಳಲ್ಲಿ ಜನ ಮಾತು ಕೇಳುವಂಥ ಅಂಗಡಿಯವರು, ಸಂಘದ ಕಾರ್ಯದರ್ಶಿಗಳು ಇಂಥವರನ್ನೇ ಆರಿಸಿ ತರಬೇತಿ ಕೊಟ್ಟರು. 1978ರಿಂದ ರಾಷ್ಟ್ರೀಯ ಟಿ.ವಿ.ಯಲ್ಲಿ ‘ಆರೋಗ್ಯದ ಕೀಲಿಕೈ’ ಅನ್ನುವ ಅರ್ಥದ ಸರಣಿ ಬಂತು. ಪುಸ್ಕಾ ಅದರಲ್ಲಿ ಮನೆಮಾತಾದರು.

ಹೈನುಗಾರರ ಸಿಟ್ಟು

ಇಷ್ಟು ಹೊತ್ತಿಗೆ ಒಂದು ಪ್ರಶ್ನೆ ನಿಮಗೂ ಬಂದಿರಬೇಕು. ಹಸು ಸಾಕಿ ಬದುಕುವ ಊರಿನಲ್ಲಿ ‘ಬೆಣ್ಣೆ ಬಿಡಿ’ ಅಂದರೆ ಸುಮ್ಮನಿರುತ್ತಾರಾ? ಇರಲಿಲ್ಲ. ಹಾಲಿನ ಸಹಕಾರ ಸಂಘಗಳು ಅಲ್ಲಿ ಬಲಿಷ್ಠ. ಹಾಲಿನ ಬಗ್ಗೆ ಆ ದೇಶಕ್ಕೆ ಎಷ್ಟು ಹೆಮ್ಮೆ ಅಂದರೆ ಅಲ್ಲಿನ ಎ.ಐ. ವಿರ್ಟನೆನ್ ಅವರಿಗೆ 1945ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದದ್ದೇ ಕೃಷಿ ಮತ್ತು ಪೋಷಣೆಯ ರಸಾಯನದ ಕೆಲಸಕ್ಕೆ, ಮುಖ್ಯವಾಗಿ ದನದ ಮೇವು ಕೆಡದಂತೆ ಇಡುವ ವಿಧಾನಕ್ಕೆ. ಬೆಣ್ಣೆ ಕೆಡದಿರಲು ಸೇರಿಸುವ ಒಂದು ಲವಣವನ್ನೂ ಅವರು ರೂಪಿಸಿದ್ದರು. ಆ ದೇಶದಲ್ಲಿ ಬೆಣ್ಣೆಯ ಮೇಲೆ ಆರೋಪ ಹೊರಿಸಿದರೆ ವಿರೋಧ ಬರದೆ ಇರುತ್ತದೆಯೇ.

ಪುಸ್ಕಾ ತಂಡದವರು ಇಲ್ಲಿ ಜಗಳವನ್ನೂ ಆಡಿದರು, ದಾರಿಯನ್ನೂ ಹುಡುಕಿದರು. ನನ್ನ ಪ್ರಕಾರ ಇಡೀ ಪ್ರಕರಣದ ಜೀವ ಇರುವುದು ಈ ಹಂತದಲ್ಲೇ. ರೈತರಿಗೆ ಹಾಲಿನ ಬೆಲೆ ಸಿಗುತ್ತಿದ್ದದ್ದು ಕೊಬ್ಬಿನ ಅಂಶ ನೋಡಿ. ಕೊಬ್ಬು ಜಾಸ್ತಿ ಇದ್ದರೆ ದುಡ್ಡು ಜಾಸ್ತಿ. ನಮ್ಮ ಡೈರಿಗಳಲ್ಲಿ ಫ್ಯಾಟ್ ನೋಡಿ ದರ ಹಾಕುವುದು ಗೊತ್ತಿರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮುಂದೆ ಅಲ್ಲಿ ಹಾಲಿನ ಪ್ರೋಟೀನಿಗೂ ಬೆಲೆ ಕಟ್ಟುವ ಕಡೆ ಪದ್ಧತಿ ವಾಲಿತು. ಬೆಣ್ಣೆಗೆ ಎಣ್ಣೆ ಬೆರೆಸಿ ಮಾರಲು ಇದ್ದ ಕಾನೂನಿನ ಅಡ್ಡಿ ಸಡಿಲವಾಯಿತು. ಕೊಬ್ಬು ಕಡಿಮೆ ಇರುವ ಹಾಲು, ಮೊಸರು, ಚೀಸ್ ಅಂಗಡಿಗೆ ಬಂದವು. ಡೈರಿಗಳಿಗೂ ಅದರಿಂದ ವ್ಯಾಪಾರ ಆಯಿತು.

ಎಣ್ಣೆಯ ವಿಷಯ ಇನ್ನೂ ಸ್ವಾರಸ್ಯ. ಆಲಿವ್ ಅಲ್ಲಿ ಬೆಳೆಯುವುದಿಲ್ಲ. ಸೂರ್ಯಕಾಂತಿಗೂ ಆ ಚಳಿ ಆಗದು. ಪರದೇಶದ ಎಣ್ಣೆ ತರಿಸಿ ತಿನ್ನಿ ಅಂದರೆ ರೈತರು ಕೇಳುವುದಿಲ್ಲ. ಆಗ ಸಾಸಿವೆಯ ಹತ್ತಿರದ ಜಾತಿಯಾದ ‘ರಿಪ್ಸಿ’ ಕೈಹಿಡಿಯಿತು. ಆ ಹವಾಮಾನಕ್ಕೆ ಒಗ್ಗುವ, ಬೇಡದ ಎರುಸಿಕ್ ಆಮ್ಲ ಕಡಿಮೆ ಇರುವ ತಳಿಗಳು ಬಂದವು. ಈಗ ಬೆಣ್ಣೆಗೆ ಪರ್ಯಾಯವೂ ಫಿನ್‌ಲೆಂಡಿನದೇ ಬೆಳೆ ಆಯಿತು. ‘ಪರಕೀಯ ಎಣ್ಣೆ’ ಅನ್ನುವ ಮಾತು ನಿಂತಿತು. 1972ರಲ್ಲಿ ಹೆಚ್ಚುಕಡಿಮೆ ಯಾರ ಮನೆಯಲ್ಲೂ ಇಲ್ಲದ ಅಡುಗೆ ಎಣ್ಣೆ ಮುಂದಿನ ದಶಕಗಳಲ್ಲಿ ಸುಮಾರು ಅರ್ಧ ಮನೆಗಳಿಗೆ ಬಂತು.

1980ರ ದಶಕದಲ್ಲಿ ಬೆರ್ರಿ ಯೋಜನೆ ನಡೆಯಿತು. ಹಾಲಿನ ಆದಾಯ ಇಳಿಯುವ ಭಯ ಇದ್ದ ರೈತರಿಗೆ ಸ್ಟ್ರಾಬೆರಿ, ಕರ್ರಂಟ್‌ನಂಥ ಹಣ್ಣು ಬೆಳೆಯಲು ನೆರವು. ಬೇಸಿಗೆ ಅಲ್ಲಿ ಚಿಕ್ಕದು, ಆದರೆ ಹಗಲು ಬಹಳ ಉದ್ದ. ಹಣ್ಣಿಗೆ ಅದು ಒಳ್ಳೆಯದು. ಹೆಪ್ಪುಗಟ್ಟಿಸಿ ಇಟ್ಟರೆ ಚಳಿಗಾಲಕ್ಕೂ ಸಿಗುತ್ತದೆ. ತಿನ್ನುವವರಿಗೂ ಬೆಳೆಯುವವರಿಗೂ ದಾರಿಯಾಯಿತು.

1990ರ ದಶಕದಲ್ಲಿ ಇನ್ನೊಂದು ಆಟ ಕಟ್ಟಿದರು. ಹಳ್ಳಿಹಳ್ಳಿಗಳ ನಡುವೆ ಕೊಲೆಸ್ಟ್ರಾಲ್ ಇಳಿಸುವ ಪಂದ್ಯ! ಮೊದಲು ಎಲ್ಲರ ರಕ್ತಪರೀಕ್ಷೆ, ಎರಡು ತಿಂಗಳ ಮೇಲೆ ಮತ್ತೊಮ್ಮೆ. ಸರಾಸರಿ ಯಾವ ಊರಿನದು ಜಾಸ್ತಿ ಇಳಿದಿದೆಯೋ ಅದಕ್ಕೆ ಬಹುಮಾನ. ಗೆದ್ದ ಹಳ್ಳಿಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಇಳಿಯಿತು. ಎರಡೇ ತಿಂಗಳಲ್ಲಿ! ಊಟ ಬದಲಿಸಿದರೆ ರಕ್ತದಲ್ಲಿ ಕಾಣಲು ವರ್ಷಗಟ್ಟಲೆ ಕಾಯಬೇಕಿಲ್ಲ ಅನ್ನುವುದು ಇದರಿಂದ ಜನರಿಗೇ ಗೊತ್ತಾಯಿತು. ಕಬಡ್ಡಿ, ವಾಲಿಬಾಲಿಗೆ ಊರೂರೇ ಜಿದ್ದಿಗೆ ಬೀಳುವ ನಮ್ಮ ಕಡೆ ಇಂಥದ್ದನ್ನು ಯಾಕೆ ಯಾರೂ ಮಾಡಬಾರದು ಅಂತ ನನಗೆ ಅನಿಸುತ್ತಲೇ ಇರುತ್ತದೆ.

ಕಾಫಿ ಮತ್ತು ಪೈನ್ ಮರ

ಈ ಕಥೆಯಲ್ಲಿ ಇಬ್ಬರು ಅನಿರೀಕ್ಷಿತ ಪಾತ್ರಧಾರಿಗಳಿದ್ದಾರೆ.

ಮೊದಲನೆಯದು ಕಾಫಿ. ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಪೈಕಿ ಫಿನ್‌ಲೆಂಡಿನವರೂ ಇದ್ದಾರೆ. ಹಿಂದೆ ಅವರು ಕಾಫಿಪುಡಿಯನ್ನು ನೀರಿಗೆ ಹಾಕಿ ಕುದಿಸಿ, ಗಷ್ಟು ಕೆಳಗೆ ಕೂತ ಮೇಲೆ ಬಗ್ಗಿಸಿಕೊಳ್ಳುತ್ತಿದ್ದರು. ಕಾಫಿಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಅನ್ನುವ ಅಂಶ ಇದೆ. ಅದು ಎಲ್‌ಡಿಎಲ್ ಏರಿಸುತ್ತದೆ. ಕುದಿಸಿದ ಕಾಫಿಯಲ್ಲಿ ಅದು ಹಾಗೇ ಲೋಟಕ್ಕೆ ಬರುತ್ತದೆ. ಕಾಗದದ ಫಿಲ್ಟರ್ ಅದನ್ನು ಹಿಡಿದುಕೊಳ್ಳುತ್ತದೆ. 1970–80ರ ದಶಕಗಳಲ್ಲಿ ಫಿಲ್ಟರ್ ಕಾಫಿ ಯಂತ್ರ ಮನೆಮನೆಗೆ ಬಂತು, ಕುದಿಸುವುದು ಕಡಿಮೆಯಾಯಿತು. ಯಾರೂ ಆರೋಗ್ಯಕ್ಕೆ ಅಂತ ಅದನ್ನು ಕೊಂಡಿರಲಿಲ್ಲ, ಅನುಕೂಲಕ್ಕೆ ಕೊಂಡರು. ಕೊಲೆಸ್ಟ್ರಾಲಿನ ಇಳಿಕೆಯಲ್ಲಿ ಅದರ ಪಾಲೂ ಒಂದಿಷ್ಟು ಸೇರಿಕೊಂಡಿತು. ನಮ್ಮ ಫಿಲ್ಟರ್ ಕಾಫಿ ಕುಡಿಯುವವರು ಖುಷಿಪಡುವ ಮೊದಲು ಒಂದು ಮಾತು: ನಮ್ಮದು ಲೋಹದ ಫಿಲ್ಟರ್. ಒತ್ತಿದ ಪುಡಿಯ ಪದರವೇ ಎಣ್ಣೆಯನ್ನು ಸ್ವಲ್ಪ ತಡೆಯುತ್ತದೆ, ಆದರೆ ಕಾಗದದಷ್ಟು ಅಲ್ಲ. ದಿನಕ್ಕೆ ಎರಡು ಲೋಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆರು ಏಳು ಲೋಟ ಕುಡಿದು, ಊಟ ಸರಿಮಾಡಿದರೂ ಎಲ್‌ಡಿಎಲ್ ಇಳಿಯದವರು ಅದನ್ನೂ ಒಮ್ಮೆ ಕಡಿಮೆ ಮಾಡಿ ನೋಡಬಹುದು.

ಎರಡನೆಯದು ಪೈನ್ ಮರ. ಕಾಗದದ ತಿರುಳು ತಯಾರಿಸುವಾಗ ಉಳಿಯುವ ಮರದ ಎಣ್ಣೆಯಲ್ಲಿ ಸಸ್ಯ ಸ್ಟೆರಾಲ್ ಇರುತ್ತದೆ. ಅದರಿಂದ ಮಾಡಿದ ಸ್ಟಾನಾಲ್ ಅನ್ನುವ ಪದಾರ್ಥ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯಾಗದಂತೆ ಅಡ್ಡ ಬರುತ್ತದೆ. ಸ್ಟಾನಾಲ್ ಬೆರೆಸಿದ ಮಾರ್ಗರೀನನ್ನು ಉತ್ತರ ಕರೇಲಿಯಾದ 153 ಜನರ ಮೇಲೆ ಒಂದು ವರ್ಷ ಪರೀಕ್ಷಿಸಿದರು. ಅದನ್ನು ತಿಂದವರ ಒಟ್ಟು ಕೊಲೆಸ್ಟ್ರಾಲ್ ಸುಮಾರು ಶೇ. 10 ಇಳಿಯಿತು. ಫಲಿತಾಂಶ ಪ್ರಕಟವಾದದ್ದು 1995ರಲ್ಲಿ. ಅದೇ ವರ್ಷ ರೈಸಿಯೊ ಕಂಪನಿ ಬೆನೆಕೋಲ್ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಮರ ಕಡಿಯುವವರ ಸೀಮೆಗೆ ಮರದಿಂದಲೇ ಒಂದು ಉಪಾಯ ಸಿಕ್ಕಿತು. ಆದರೆ ಅಷ್ಟು ಹೊತ್ತಿಗೆ ಯೋಜನೆಗೆ 23 ವರ್ಷ ಆಗಿತ್ತು, ದೊಡ್ಡ ಇಳಿಕೆ ಆಗಿಹೋಗಿತ್ತು. ಇಂಥ ಪದಾರ್ಥ ಕೊನೆಗೆ ಸೇರಿಸಿಕೊಳ್ಳುವುದಕ್ಕೆ ಸರಿ.

ಏನಾಯಿತು, ಯಾರು ತಕರಾರು ತೆಗೆದರು

ಗಂಡಸರ ಸರಾಸರಿ ಕೊಲೆಸ್ಟ್ರಾಲ್ 267ರಿಂದ 2007ರ ಹೊತ್ತಿಗೆ 210ರ ಆಸುಪಾಸಿಗೆ ಬಂತು. ಬ್ರೆಡ್ಡಿಗೆ ಬರೀ ಬೆಣ್ಣೆ ಹಚ್ಚುವವರು ಹತ್ತರಲ್ಲಿ ಒಂಬತ್ತು ಇದ್ದವರು ತೀರಾ ಅಲ್ಪಸಂಖ್ಯಾತರಾದರು. ತರಕಾರಿ ತಿನ್ನುವುದು ಎರಡು ಪಟ್ಟಿಗೂ ಮೀರಿ ಏರಿತು. 35ರಿಂದ 64 ವರ್ಷದ ಗಂಡಸರಲ್ಲಿ ಹೃದಯಾಘಾತದಂಥ ಕಾಯಿಲೆಯ ಸಾವು ಯೋಜನೆ ಶುರುವಾಗುವ ಮುಂಚೆ ವರ್ಷಕ್ಕೆ ಲಕ್ಷಕ್ಕೆ ಸುಮಾರು 670 ಇತ್ತು. ನಲವತ್ತು ವರ್ಷದಲ್ಲಿ ಪೂರ್ವ ಫಿನ್‌ಲೆಂಡಿನ ಗಂಡಸರಲ್ಲಿ ಆ ಸಾವು ಶೇ. 80ಕ್ಕಿಂತ ಹೆಚ್ಚು ಇಳಿಯಿತು. ಹೆಂಗಸರಲ್ಲೂ ಅಷ್ಟೇ. 2016ರಲ್ಲಿ ಬಂದ ಒಂದು ಲೆಕ್ಕದ ಪ್ರಕಾರ ಗಂಡಸರಲ್ಲಿ ಈ ಇಳಿಕೆಯ ಮೂರನೇ ಎರಡು ಪಾಲಿಗೆ ಕಾರಣ ಕೊಲೆಸ್ಟ್ರಾಲ್, ರಕ್ತದೊತ್ತಡ, ಸಿಗರೇಟ್ ಇವು ಮೂರೂ ಕಡಿಮೆಯಾದದ್ದು. ಮೂರರಲ್ಲಿ ದೊಡ್ಡ ಪಾಲು ಕೊಲೆಸ್ಟ್ರಾಲಿನದು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ಬಂದದ್ದೇ 1987ರ ಈಚೆಗೆ. ಒಟ್ಟು ಇಳಿಕೆಯಲ್ಲಿ ಅವುಗಳ ಪಾಲು ಚಿಕ್ಕದು.

ಹಾಗಂತ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಹೋಲಿಕೆಗೆ ಇಟ್ಟಿದ್ದ ಕುವೊಪಿಯೊದಲ್ಲೂ ಕೊಲೆಸ್ಟ್ರಾಲ್ ಇಳಿಯಿತು, ಇಡೀ ಫಿನ್‌ಲೆಂಡಿನಲ್ಲಿ ಸಾವು ಇಳಿಯಿತು. ಹಾಗಾದರೆ ಯೋಜನೆಯಿಂದಲೇ ಆಯಿತು ಅನ್ನುವುದು ಹೇಗೆ? ಈ ಪ್ರಶ್ನೆ ನ್ಯಾಯವಾದದ್ದು. ಟಿ.ವಿ., ಪತ್ರಿಕೆ ಎರಡು ಪ್ರಾಂತ್ಯಕ್ಕೂ ಒಂದೇ. ಅಂಗಡಿಯ ಹಾಲೂ ಒಂದೇ. ಸುದ್ದಿ ಗಡಿ ನೋಡಿ ನಿಲ್ಲುವುದಿಲ್ಲ. ಒಂದು ಪ್ರಾಂತ್ಯದ ಜೊತೆ ಇನ್ನೊಂದು ಪ್ರಾಂತ್ಯ ಇಟ್ಟು ನೋಡಿದ ಕೆಲಸದಿಂದ ‘ಯೋಜನೆಗೇ ಇಷ್ಟು ಶೇಕಡಾ ಶ್ರೇಯ’ ಅಂತ ಯಾರೂ ಹೇಳಲಾರರು. ಆದರೆ ಊಟದ ಕೊಬ್ಬು ಬದಲಾದಾಗ ಕೊಲೆಸ್ಟ್ರಾಲ್ ಇಳಿಯಿತು ಅನ್ನುವುದಕ್ಕೆ ಕುವೊಪಿಯೊ ಇನ್ನೊಂದು ಸಾಕ್ಷಿಯೇ ಆಯಿತು. ತಕರಾರು ಶ್ರೇಯ ಯಾರಿಗೆ ಅನ್ನುವುದರ ಬಗ್ಗೆ, ಊಟದ ಬಗ್ಗೆ ಅಲ್ಲ.

2007ರಿಂದ 2012ರ ನಡುವೆ ಒಂದು ತಿರುವು ಬಂತು. ಮೂವತ್ತೈದು ವರ್ಷ ಇಳಿಯುತ್ತಾ ಬಂದಿದ್ದ ಕೊಲೆಸ್ಟ್ರಾಲ್ ಸ್ವಲ್ಪ ಏರಿತು. ಕಾರ್ಬೋಹೈಡ್ರೇಟ್ ಬಿಟ್ಟು ಕೊಬ್ಬು ತಿನ್ನುವ ಫ್ಯಾಷನ್ ಅಲ್ಲಿಗೂ ಬಂದಿತ್ತು, ಬೆಣ್ಣೆಗೆ ಮತ್ತೆ ಮರ್ಯಾದೆ ಸಿಕ್ಕಿತ್ತು. ಸಮೀಕ್ಷೆಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪ್ರಮಾಣವೂ ಅದೇ ಹೊತ್ತಿಗೆ ಏರಿತ್ತು. ಮೇಲಿಂದ ಕೆಳಗೆ ಬಂದ ದಾರಿಯಲ್ಲೇ ಕೆಳಗಿಂದ ಮೇಲೂ ಹೋಗಬಹುದು ಅಂತಾಯಿತು.

ನಮ್ಮ ತಟ್ಟೆಗೆ ಹೊಂದುವುದು, ಹೊಂದದ್ದು

ಉತ್ತರ ಕರೇಲಿಯಾದ ಊಟದ ಪಟ್ಟಿಯನ್ನು ಕರ್ನಾಟಕಕ್ಕೆ ಹಾಗೇ ತಂದರೆ ತಪ್ಪಾಗುತ್ತದೆ. ಅವರ ಸಮಸ್ಯೆ ಮೇಲೆ ಕಾಣುವ ಬೆಣ್ಣೆ. ನಮ್ಮಲ್ಲಿ ಬಹಳ ಜನರ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ ಅಷ್ಟೇನೂ ಇರುವುದಿಲ್ಲ. ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಜಾಸ್ತಿ ಇರುತ್ತದೆ, ಒಳ್ಳೆಯದಾದ ಎಚ್‌ಡಿಎಲ್ ಕಡಿಮೆ ಇರುತ್ತದೆ. ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ತಟ್ಟೆ ತುಂಬ ಬಿಳಿ ಅನ್ನ, ಮೈದಾ, ಸಕ್ಕರೆ. ಇನ್ನೊಂದು ಮೈಗೆ ವ್ಯಾಯಾಮ ಇಲ್ಲದಿರುವುದು. ಬೆಣ್ಣೆ ಬಿಟ್ಟು ಆ ಜಾಗಕ್ಕೆ ಬನ್ನು, ಬಿಸ್ಕತ್ತು ತಂದರೆ ಇಲ್ಲಿ ಲಾಭವಿಲ್ಲ. ನಮ್ಮ ಕೆಟ್ಟ ಕೊಬ್ಬೂ ಕಣ್ಣಿಗೆ ಕಾಣುವುದಿಲ್ಲ. ಬೇಕರಿಯ ಪಫ್, ಖಾರದ ಪೊಟ್ಟಣ, ಹೋಟೆಲಿನ ಕರಿದ ತಿಂಡಿಯಲ್ಲಿ ತಾಳೆ ಎಣ್ಣೆ, ವನಸ್ಪತಿ ಅಡಗಿ ಕೂತಿರುತ್ತವೆ. ವನಸ್ಪತಿಯಂಥವುಗಳಲ್ಲಿ, ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದು ಅಂತ ದೇಶದಲ್ಲಿ 2022ರ ಜನವರಿಯಿಂದ ನಿಯಮ ಇದೆ. ಅದು ಒಳ್ಳೆಯದಾಯಿತು. ಆದರೆ ಟ್ರಾನ್ಸ್ ಹೋದ ಜಾಗಕ್ಕೆ ಸ್ಯಾಚುರೇಟೆಡ್ ಬಂದರೆ ಎಲ್‌ಡಿಎಲ್‌ಗೆ ಅದೂ ಕೆಟ್ಟದ್ದೇ.

ಹೊಂದುವುದು ಅವರ ದಾರಿ. ಅವರಿಗೆ ರಿಪ್ಸಿ ಇದ್ದ ಹಾಗೆ ನಮಗೆ ಉತ್ತರ ಕರ್ನಾಟಕದಲ್ಲಿ ಕುಸುಬೆ ಇದೆ. ವಿಜಯಪುರ, ಕಲಬುರಗಿ ಕಡೆ ಅಜ್ಜಿಯರ ಕಾಲದಿಂದ ಕುಸುಬಿ ಎಣ್ಣೆಯದೇ ಅಡುಗೆ. ಸ್ಯಾಚುರೇಟೆಡ್ ಕೊಬ್ಬು ಅದರಲ್ಲಿ ತೀರಾ ಕಡಿಮೆ. ಅಂಗಡಿಯಲ್ಲಿ ಅಗ್ಗದ ತಾಳೆ ಎಣ್ಣೆ ಬಂದ ಮೇಲೆ ಅದನ್ನು ಹಿಂದೆ ತಳ್ಳಿದೆವು. ಕರಾವಳಿಯವರಿಗೆ ಕೊಬ್ಬರಿ ಎಣ್ಣೆ ಪೂರ್ತಿ ಬಿಡಿ ಅನ್ನುವುದು ಕಷ್ಟ, ಬಿಡಲೂ ಬೇಕಿಲ್ಲ. ಒಗ್ಗರಣೆಗೆ ಒಂದು ಚಮಚ ಇರಲಿ, ಕರಿಯಲು, ದಿನದ ಪಲ್ಯಕ್ಕೆ ಬೇರೆ ಎಣ್ಣೆ ಬರಲಿ. ಬಂಗುಡೆ, ಬೂತಾಯಿ ಅಲ್ಲಿ ಹೇಗೂ ಇವೆ, ಕರಿಯುವ ಬದಲು ಸಾರು ಮಾಡಿ. ದಾವಣಗೆರೆಯ ಬೆಣ್ಣೆ ದೋಸೆ ವರ್ಷಕ್ಕೊಮ್ಮೆ ದಾವಣಗೆರೆಗೆ ಹೋದಾಗ ತಿಂದರೆ ಯಾರಿಗೂ ಏನೂ ಆಗುವುದಿಲ್ಲ. ಅದು ಬೆಂಗಳೂರಿನಲ್ಲಿ ಆಫೀಸ್ ಪಕ್ಕದಲ್ಲೇ ದಿನಾ ಸಿಗುವುದು ಸಮಸ್ಯೆ.

ನಾರಿನ ವಿಷಯದಲ್ಲಂತೂ ನಾವು ಅವರಿಗಿಂತ ಪುಣ್ಯವಂತರು. ಅವರು ‘ಸೊಪ್ಪು ದನಕ್ಕೆ’ ಅನ್ನುತ್ತಿದ್ದ ಕಾಲಕ್ಕೆ ನಮ್ಮಲ್ಲಿ ಬಸ್ಸಾರು, ಮಸ್ಸೊಪ್ಪು, ಹುರುಳಿಕಟ್ಟು, ಮೊಳಕೆಕಾಳಿನ ಉಸ್ಲಿ, ಮೆಂತ್ಯ ಇದ್ದವು. ಅನ್ನದ ಗುಡ್ಡೆ ಅರ್ಧ ಮಾಡಿ ಕಾಳುಪಲ್ಯ ಎರಡು ಪಟ್ಟು ಮಾಡಿದರೆ ಎಲ್‌ಡಿಎಲ್‌ಗೂ ಟ್ರೈಗ್ಲಿಸರೈಡಿಗೂ ಒಟ್ಟಿಗೇ ಮದ್ದು. ಓಟ್ಸ್ ಇಷ್ಟವಾದರೆ ತಿನ್ನಿ. ಅದರ ಅಂಟುಅಂಟಾದ ನಾರು ದಿನಕ್ಕೆ 3 ಗ್ರಾಂ ಸಿಕ್ಕರೆ ಎಲ್‌ಡಿಎಲ್ ಸುಮಾರು ಶೇ. 5 ಇಳಿಯುತ್ತದೆ. ಅದಕ್ಕಿಂತ ದೊಡ್ಡ ಪವಾಡ ನಿರೀಕ್ಷಿಸಬೇಡಿ. ಮಾರ್ತಾ ಸಂಘ ಎಲ್ಲಿಂದ ತರುವುದು ಅನ್ನುವಂತಿಲ್ಲ. 2000–01ರಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳು ರಾಜ್ಯದ ಊರೂರಲ್ಲಿ ಇವೆ, ಬಿಸಿಯೂಟದ ಅಡುಗೆಮನೆಗಳಿವೆ. ಎರಡು ತಿಂಗಳ ಪಂದ್ಯ ಹೂಡಲು ಇಷ್ಟು ಸಾಕು.

ಇನ್ನೊಂದು ವಿಷಯ ಬಿಡುವಂತಿಲ್ಲ. ಇದೇ ಉತ್ತರ ಕರೇಲಿಯಾದ ಕೆಲವು ಕುಟುಂಬಗಳಲ್ಲಿ ಎಲ್‌ಡಿಎಲ್ ಗ್ರಾಹಕದ ಜೀನಿನಲ್ಲೇ ಒಂದು ದೋಷ ವಂಶಪಾರಂಪರ್ಯವಾಗಿ ಬರುತ್ತದೆ. ಅದಕ್ಕೆ ಪ್ರಾಂತ್ಯದ ಹೆಸರನ್ನೇ ಇಟ್ಟಿದ್ದಾರೆ. ಅವರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ. ಎಷ್ಟು ತರಕಾರಿ ತಿಂದರೂ ಊಟದಿಂದ ಮಾತ್ರ ಅದು ಸಾಕಷ್ಟು ಇಳಿಯುವುದಿಲ್ಲ. ಮಾತ್ರೆ ಬೇಕೇ ಬೇಕು. ಇಂಥ ಜೀನ್ ದೋಷಗಳು ಬೇರೆ ಬೇರೆ ಬಗೆಯಲ್ಲಿ ನಮ್ಮಲ್ಲೂ ಇವೆ. ನಿಮ್ಮ ಎಲ್‌ಡಿಎಲ್ 190 ದಾಟಿದ್ದರೆ, ಅಥವಾ ಮನೆಯಲ್ಲಿ ಅಪ್ಪ, ಅಣ್ಣ, ಚಿಕ್ಕಪ್ಪ ಯಾರಿಗಾದರೂ ಐವತ್ತೈದರ ಒಳಗೆ ಹೃದಯಾಘಾತ ಆಗಿದ್ದರೆ, ಊಟ ಬದಲಿಸಿ ಕಾಯುತ್ತಾ ಕೂರಬೇಡಿ, ವೈದ್ಯರನ್ನು ಕಾಣಿ, ಮಕ್ಕಳ ರಕ್ತವನ್ನೂ ಪರೀಕ್ಷೆ ಮಾಡಿಸಿ. ಈಗಾಗಲೇ ಮಾತ್ರೆ ತಗೊಳ್ಳುತ್ತಿರುವವರು ಎರಡು ತಿಂಗಳು ಕುಸುಬಿ ಎಣ್ಣೆ ತಿಂದೆ ಅಂತ ಅದನ್ನು ತಾವಾಗಿಯೇ ನಿಲ್ಲಿಸಬಾರದು. ಉಳಿದವರು ಇವತ್ತು ಒಮ್ಮೆ ಪರೀಕ್ಷೆ ಮಾಡಿಸಿ, ಎಣ್ಣೆ ಮತ್ತು ಕಾಳಿನ ಬದಲಾವಣೆ ಮಾಡಿ, ಎರಡು ತಿಂಗಳ ಮೇಲೆ ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿ ನೋಡಬಹುದು.